ಚೀಟಿ ಬಾಮೈದನದು, ಸರಕು ಭಾವನದು

ಬೆಳಗಿನ ಐದೂಮುಕ್ಕಾಲು. ಡಬ್ಬಿ ಅಕ್ಕ ಕೈಗವಸು ತೊಟ್ಟ ಎರಡೂ ಅಂಗೈಗಳ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಹಿಡಿದು ಕೂತಿದ್ದಾರೆ. ಚಳಿಗೆ ಚಹಾದ ಲೋಟ ಹಿಡಿದವರ ಹಾಗೆ. ಒಳಗಿರುವುದು ಚಹಾ ಅಲ್ಲ.

"ತಣ್ಣಗಾಗೋಕೆ ಬಿಡಬಾರದು. ತಣ್ಣಗಾದ್ರೆ ಒಳಗಿರೋವು ಆಟ ನಿಲ್ಲಿಸಿಬಿಡ್ತವೆ. ನಿಂತಿರೋ ಕಳ್ಳನ್ನ ಹಿಡಿಯೋದಕ್ಕಿಂತ ಓಡ್ತಿರೋ ಕಳ್ಳನ್ನ ಹಿಡಿಯೋದು ಸುಲಭ ನಮಗೆ," ಎನ್ನುತ್ತಾರೆ. ಒಂದು ತೊಟ್ಟು ಉಪ್ಪುನೀರು, ಕಡ್ಡಿಯ ತುದಿಯಷ್ಟು ಮಲ, ಮೇಲೊಂದು ತೆಳು ಗಾಜು. ಕತ್ತು ಬಗ್ಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆಂದರೆ ಪಕ್ಕದಲ್ಲಿ ಗೋಡೆ ಬಿದ್ದರೂ ಏಳುವುದಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಆರು ವರ್ಷದ ಹಿಂದೆ ಪಕ್ಕದ ಗೋಡೆಯ ಗಾರೆ ನಿಜವಾಗಿಯೂ ಬಿದ್ದಿತ್ತು. ಅಕ್ಕ ಕೈಯಿಂದ ಗಾಜಿನ ಪಟ್ಟಿಗಳನ್ನು ಮುಚ್ಚಿಕೊಂಡರಂತೆ, ತಲೆಯನ್ನಲ್ಲ.

ಅವರ ಕೋಣೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿದೆ. ಒಂದು ಬಾಗಿಲು, ಡಬ್ಬಿ ತೆಗೆದುಕೊಳ್ಳಲು ಒಂದು ಕಿಂಡಿ. ಕರೆಂಟು ಹೋದರೆ ಸೂಕ್ಷ್ಮದರ್ಶಕವನ್ನು ಕೂಸಿನ ಹಾಗೆ ಎತ್ತಿಕೊಂಡು ಜಗಲಿಗೆ ಬಂದು, ಅದರ ಕನ್ನಡಿಯನ್ನು ಬೆಳಕಿಗೆ ತಿರುಗಿಸಿಕೊಂಡು ಕೂರುತ್ತಾರೆ. ಈ ಓಣಿಯನ್ನು ಉಸಿರು ಬಿಗಿಹಿಡಿದು ದಾಟಿ ದಾಟಿ ಇಬ್ಬರು ಗುಮಾಸ್ತರು ಈಜಿನಲ್ಲಿ ಬಹುಮಾನ ಹೊಡೆದಿದ್ದಾರೆ ಎಂಬ ಮಾತು ಆಸ್ಪತ್ರೆಯಲ್ಲಿದೆ. ಬಹುಮಾನ ಸುಳ್ಳು, ಉಸಿರು ನಿಜ.

ಈ ದಿನ ಅಕ್ಕನಿಗೆ ಉಸಿರು ಬಿಗಿಹಿಡಿಯುವ ಸರದಿ. ಆರೂವರೆಗೆ ಒಂದು ಡಬ್ಬಿ ಬರಬೇಕು. ಅದು ಏಳು ವರ್ಷದ ಒಂದು ಹುಡುಗಿಯದು. ಶಾಲೆಯಲ್ಲಿ ಅವಳನ್ನು ಕಡ್ಡಿ ಎನ್ನುತ್ತಾರೆ. ಹನ್ನೊಂದು ತಿಂಗಳಿಂದ ಅವಳ ಹೊಟ್ಟೆಯಲ್ಲಿ ಮನೆ ಮಾಡಿಕೊಂಡ ಜೀವಿ ಮೂರು ಸಲ ಮಾತ್ರೆಗೆ ಬಗ್ಗದೆ ಎದ್ದು ಬಂದಿದೆ. ನಾಲ್ಕನೆಯ ಸಲದ ಔಷಧಿ ಮುಗಿದು ಆರು ವಾರವಾಗಿದೆ. ಎರಡನೇ ವಾರದ ಡಬ್ಬಿ ಶುದ್ಧ, ನಾಲ್ಕನೇ ವಾರದ್ದೂ ಶುದ್ಧ. ಈ ದಿನದ್ದೂ ಶುದ್ಧವಾಗಿದ್ದರೆ ಗೆದ್ದ ಹಾಗೆ. ಇಲ್ಲದಿದ್ದರೆ ಕೊಡಲು ಡಾಕ್ಟರ ಕೈಯಲ್ಲಿ ಮತ್ತೇನೂ ಉಳಿದಿಲ್ಲ.

ಆ ಜೀವಿಯ ಹೆಸರು ಜಿಯಾರ್ಡಿಯಾ. ಕಿಂಡಿಯಾಚೆಯ ಸಾಲಿನಲ್ಲಿ ಎಲ್ಲರೂ ಅದನ್ನು ಹುಳ ಎಂದೇ ಕರೆಯುತ್ತಾರೆ, ಅಕ್ಕನೂ ತಿದ್ದುವುದಿಲ್ಲ. ಕೊಳಕು ನೀರು, ತೊಳೆಯದ ಕೈ, ಇವೆರಡು ಅದರ ಬಸ್ಸು, ರೈಲು. ಮರದಿಂದ ಉದುರುವ ಎಲೆಯ ಹಾಗೆ ತೂರಾಡುತ್ತಾ ಸಾಗುತ್ತದೆ. ನೋಡಲು ಎರಡು ಕಣ್ಣಿನ ಮುಖ. "ನಾವು ಅದನ್ನ ನೋಡ್ತಿದೀವೋ, ಅದು ನಮ್ಮನ್ನ ನೋಡ್ತಿದೆಯೋ ಗೊತ್ತಾಗಲ್ಲ. ಮೊದಲನೇ ಸಲ ಕಂಡಾಗ ನಾನು ನಮಸ್ಕಾರ ಅಂದ್ಬಿಟ್ಟಿದ್ದೆ. ನಮ್ಮ ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ರು."

ಮೇಷ್ಟ್ರು ಎಂದರೆ ಈ ಕೋಣೆಯ ಹಿಂದಿನ ತಂತ್ರಜ್ಞ. ಅಕ್ಕ ಇಪ್ಪತ್ತಮೂರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದಿದ್ದು ಬಾಟಲಿ ತೊಳೆಯಲು. ತೊಳೆದ ಗಾಜನ್ನು ಒರೆಸುವ ನೆಪದಲ್ಲಿ ಕದ್ದು ಇಣುಕುತ್ತಿದ್ದವರನ್ನು ಮೇಷ್ಟ್ರು ಒಂದು ದಿನ ಹಿಡಿದರು. ಬೈಯುವ ಬದಲು ಎತ್ತರದ ಸ್ಟೂಲೊಂದನ್ನು ಎಳೆದು ಹಾಕಿ, "ಕದ್ದು ನೋಡಿದ್ರೆ ಕಣ್ಣು ಹಾಳಾಗುತ್ತೆ, ಕೂತು ನೋಡು" ಎಂದರು. ಮೂವತ್ತೊಂದಕ್ಕೆ ಪರೀಕ್ಷೆ ಪಾಸಾಯಿತು. ಈಗ ಐವತ್ತನಾಲ್ಕು. ಸ್ಟೂಲು ಅದೇ. ಕುಳಿತು ಕುಳಿತು ಅದಕ್ಕೆ ಅಕ್ಕನ ಆಕಾರ ಬಂದಿದೆಯೋ, ಅಕ್ಕನಿಗೆ ಅದರದು ಬಂದಿದೆಯೋ ಎಂದು ಗಂಡನಿಗೆ ಇಂದಿಗೂ ಅನುಮಾನ.

ಗಂಡ ದರ್ಜಿ. ಸಂಬಂಧ ಕೇಳಿಕೊಂಡು ಬಂದಾಗ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ ಎಂದಷ್ಟೇ ಹೇಳಲಾಗಿತ್ತು. ಅತ್ತೆ ಅದನ್ನು ಡಾಕ್ಟರ್ ಎಂದು ಅರ್ಥ ಮಾಡಿಕೊಂಡು ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದರು. ನಿಜ ತಿಳಿದ ದಿನ ಸೊಸೆಗೆ ಬೇರೆ ಸೋಪು, ಬೇರೆ ಟವೆಲು, ಬೇರೆ ಬಕೆಟ್ಟು. ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೊಮ್ಮೆ ಅತ್ತೆಗೇ ಹೊಟ್ಟೆ ಕೆಟ್ಟಿತು. ಈಗ ಎಂಬತ್ತೊಂದು ವರ್ಷದ ಆಕೆ ಬೀದಿಯಲ್ಲಿ ಯಾರಿಗೆ ಹೊಟ್ಟೆ ಗುಡುಗುಡು ಎಂದರೂ ಸಾಕು, "ನಮ್ಮ ಸೊಸೆ ಹತ್ತಿರ ಡಬ್ಬಿ ಇಸ್ಕೊ" ಎನ್ನುತ್ತಾರೆ. ಡಾಕ್ಟರ್ ಎಂದು ಹೇಳಿದ ಮಾತನ್ನು ಮಾತ್ರ ಇನ್ನೂ ವಾಪಸು ತೆಗೆದುಕೊಂಡಿಲ್ಲ.

ದಿನಕ್ಕೆ ಸುಮಾರು ನಲವತ್ತೈದು ಡಬ್ಬಿ. ಡಬ್ಬಿಗೆ ಎರಡು ಗಾಜು. ಒಂದು ಉಪ್ಪುನೀರಿನದು, ಇನ್ನೊಂದು ಬಣ್ಣದ್ದು. ಗಾಜಿಗೆ ಐದು ನಿಮಿಷ. ಲೆಕ್ಕ ಹಾಕಿದರೆ ದಿನಕ್ಕೆ ಏಳೂವರೆ ಗಂಟೆ ಕತ್ತು ಬಗ್ಗಿಯೇ ಇರುತ್ತದೆ. ಎಡಗಡೆಗೆ ತಿರುಗುವುದನ್ನು ಅದು ಎಂಟು ವರ್ಷದ ಹಿಂದೆಯೇ ನಿಲ್ಲಿಸಿದೆ. ರಸ್ತೆ ದಾಟುವಾಗ ಎಡಗಡೆ ನೋಡಬೇಕಾದರೆ ಅಕ್ಕ ಇಡೀ ಮೈ ತಿರುಗಿಸಿ ನಿಲ್ಲುತ್ತಾರೆ. ವಾಹನದವರು ಟ್ರಾಫಿಕ್ ಪೊಲೀಸರೇ ಇರಬೇಕೆಂದು ನಿಂತುಬಿಡುತ್ತಾರೆ. "ಒಳ್ಳೇದೇ ಆಯ್ತು," ಎನ್ನುತ್ತಾರೆ ಅಕ್ಕ.

ಈ ಕೆಲಸದಲ್ಲಿ ಹುಳಕ್ಕಿಂತ ಮನುಷ್ಯರು ಕಷ್ಟ. ಹುಳ ದಿನಾ ಕಾಣಿಸುವುದಿಲ್ಲ. ಅದಕ್ಕೇ ದಿನ ಬಿಟ್ಟು ದಿನ ಮೂರು ಡಬ್ಬಿ ತರಲು ಹೇಳುತ್ತಾರೆ. ಜನ ಬುದ್ಧಿವಂತರು. ಮೂರು ಸಲ ಯಾರು ಅಲೆಯುತ್ತಾರೆ ಎಂದು ಒಂದೇ ದಿನದ್ದನ್ನು ಮೂರು ಭಾಗ ಮಾಡಿ, ಮೂರು ಡಬ್ಬಿಗೆ ಮೂರು ತಾರೀಕು ಹಾಕಿ ತರುತ್ತಾರೆ. ಅಕ್ಕ ಮೂರನ್ನೂ ಸಾಲಾಗಿಟ್ಟು ನೋಡುತ್ತಾರೆ. ಅದೇ ಟೊಮೆಟೊ ಸಿಪ್ಪೆ, ಅದೇ ಬೀಜ, ಅದೇ ನಾರು. "ಸೋಮವಾರ, ಬುಧವಾರ, ಶುಕ್ರವಾರ, ಮೂರು ದಿನಾನೂ ಒಂದೇ ಟೊಮೆಟೊ ತಿಂದ್ರಾ? ಭಾರೀ ದೊಡ್ಡ ಟೊಮೆಟೊ ಇರಬೇಕು" ಎಂದು ಹೊಸ ಡಬ್ಬಿ ಕೊಟ್ಟು ಕಳಿಸುತ್ತಾರೆ. ಡಬ್ಬಿ ಅಕ್ಕ ಎಂಬ ಹೆಸರು ಬಂದಿದ್ದು ಹೀಗೆ. ವಾಪಸು ಕಳಿಸಿದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಆಸ್ಪತ್ರೆಗೆ ಇನ್ನೊಂದು ಮಹಡಿ ಏಳುತ್ತಿತ್ತು.

ಕಡ್ಡಿ ಮೊದಲ ಸಲ ಬಂದಾಗ ಇಪ್ಪತ್ತು ಕೆಜಿ ಇದ್ದಳು. ಮಾಮೂಲಿ ಮಾತ್ರೆ ಐದು ದಿನ ಕೊಟ್ಟರು. ಒಂದು ವಾರ ಚೆನ್ನಾಗಿದ್ದಳು, ಹತ್ತನೇ ದಿನ ಮತ್ತೆ ಶುರು. ಎರಡನೇ ಸಲ ಅದೇ ಮಾತ್ರೆಯನ್ನು ಹೆಚ್ಚು ದಿನ ಕೊಟ್ಟರು. ಮತ್ತೆ ಬಂತು. ಮೂರನೇ ಸಲ ಅದೇ ಮನೆತನದ ಇನ್ನೊಂದು ಮಾತ್ರೆ. ಹುಳಕ್ಕೆ ಆ ಮನೆತನವೆಲ್ಲ ಪರಿಚಯವಾಗಿ ಹೋಗಿತ್ತು. ಹುಡುಗಿ ಹದಿನೈದೂವರೆ ಕೆಜಿಗೆ ಇಳಿದಳು. ಬೆಂಚಿನಿಂದ ಎದ್ದರೆ ತಲೆ ಸುತ್ತುತ್ತದೆ ಎಂದು ಆಟದ ಹೊತ್ತಿನಲ್ಲಿ ಕೂತೇ ಇರುತ್ತಿದ್ದಳು. ಅವಳ ಅಮ್ಮ ಕಿಂಡಿಯ ಹತ್ತಿರ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಮಾತ್ರೆ ನಾನೇ ಬಾಯಿಗೆ ಹಾಕ್ತೀನಿ, ನುಂಗಿದ್ಲಾ ಅಂತ ನಾಲಿಗೆ ಎತ್ತಿಸಿ ನೋಡ್ತೀನಿ. ನಾನೆಲ್ಲಿ ತಪ್ಪಿದೆ ಹೇಳಿ ಅಕ್ಕಾ."

ತಪ್ಪು ಆಕೆಯದಾಗಿರಲಿಲ್ಲ. ಹುಳವೇ ಔಷಧಿಗೆ ಬಗ್ಗದ ಜಾತಿಯದು. ಹೊಟ್ಟೆ ಡಾಕ್ಟರು ಯೋಚಿಸಿ, ಎರಡು ಬಗೆಯ ಔಷಧಿಯನ್ನು ಒಟ್ಟಿಗೆ ಕೊಡುವುದೆಂದು ತೀರ್ಮಾನಿಸಿದರು. ಅದರಲ್ಲೊಂದು ಹಳೇ ಕಾಲದ ಮಾತ್ರೆ. ವಿಪರೀತ ಕಹಿ, ಚರ್ಮಕ್ಕೆ ಹಳದಿ ಬಣ್ಣ ಬರಿಸುವಂಥದ್ದು. ದೊಡ್ಡ ಉಗ್ರಾಣದಿಂದ ಬರಲು ಏಳು ವಾರ ಹಿಡಿಯಿತು. ಡಾಕ್ಟರು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅಕ್ಕನಿಗೆ ಹೇಳಿದ್ದು ಇಷ್ಟು: "ಇದು ಕೊನೇ ಬಾಣ. ಇಷ್ಟು ಸಣ್ಣ ಮೈಗೆ ಇದನ್ನ ಮತ್ತೆ ಮತ್ತೆ ಕೊಡೋಕಾಗಲ್ಲ. ಹುಳ ಸತ್ತ ಮೇಲೆ ಮನೆಯವರಿಂದಲೇ ತಿರುಗಿ ಅಂಟಿಕೊಂಡ್ರೆ ಎಲ್ಲಾ ನೀರಲ್ಲಿ ಹೋಮ. ಮೊದಲು ಮನೆಯವರನ್ನೆಲ್ಲ ನೋಡಿ. ಯಾರಲ್ಲಿ ಕಾಣುತ್ತೋ ಅವರಿಗೂ ಜೊತೆಗೇ ಕೊಡೋಣ. ಕಾಣದವರಿಗೆ ಸುಮ್ಮನೆ ಕೊಡೋ ಔಷಧಿ ಅಲ್ಲ ಇದು."

ಮನೆಯಲ್ಲಿ ಹುಡುಗಿ ಬಿಟ್ಟು ನಾಲ್ವರು. ಅಜ್ಜಿ, ಅಪ್ಪ, ಅಮ್ಮ, ಅಮ್ಮನ ತಮ್ಮ. ಅಪ್ಪ ಟೈರಿನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಮಾವ ಸಿಟಿ ಬಸ್ಸಿನ ಡ್ರೈವರು. ನಾಲ್ಕು ಹೆಸರಿನ ಚೀಟಿ ಅಂಟಿಸಿದ ನಾಲ್ಕು ಡಬ್ಬಿ ಬಂದವು. ನಾಲ್ಕರಲ್ಲೂ ಹುಳ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಾಗಿದ್ದರೆ ಪುಸ್ತಕದ ನಾಲ್ಕೂ ಸಾಲಿನಲ್ಲಿ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕುತ್ತಿದ್ದರು.

ಅಕ್ಕ ಪೆನ್ನು ಮುಚ್ಚಿದರು. ಅಪ್ಪನ ಡಬ್ಬಿಯಲ್ಲಿದ್ದದ್ದು ಕಪ್ಪು. ಅದರಲ್ಲಿ ಆಶ್ಚರ್ಯವಿಲ್ಲ. ರಕ್ತ ಕಡಿಮೆಯೆಂದು ಅವನಿಗೆ ಇದೇ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತಿದ್ದರು, ಅದನ್ನು ನುಂಗಿದರೆ ಕಪ್ಪಾಗಿಯೇ ಹೋಗುತ್ತದೆ. ಮಾವನ ಡಬ್ಬಿಯೂ ಕಪ್ಪು. ಮಾವನಾದರೋ ಹುಟ್ಟಿದಾಗಿನಿಂದ ಒಂದು ಮಾತ್ರೆಯನ್ನೂ ನುಂಗಿದವನಲ್ಲವೆಂದು ಸಾಲಿನಲ್ಲಿ ನಿಂತಾಗಲೆಲ್ಲ ಕೊಚ್ಚಿಕೊಳ್ಳುವವನು. ಅಕ್ಕ ಎರಡೂ ಗಾಜನ್ನು ಇನ್ನೊಮ್ಮೆ ನೋಡಿದರು. ಎರಡರಲ್ಲೂ ಅದೇ ಅಂಜೂರದ ಬೀಜ.

ಅಪ್ಪನನ್ನು ಕರೆಸಿದರು. ಅವನು ಕಿಂಡಿಯ ಮುಂದೆ ನಿಂತು ಚಪ್ಪಲಿಯನ್ನು ನೋಡಿಕೊಂಡ. "ಏನು ಮಾಡ್ಲಿ ಅಕ್ಕಾ, ಹೆಂಡತಿ ತಮ್ಮ. ಭಾವ ಭಾವ ಅಂತ ಕೇಳ್ಕೊಂಡ. ಇಲ್ಲ ಅನ್ನೋಕಾಗಲಿಲ್ಲ."

"ಸಾಲ ಕೊಡ್ತಾರೆ, ಅಂಗಿ ಕೊಡ್ತಾರೆ. ಇದನ್ನೂ ಕೊಡ್ತಾರಾ?"

"ನನ್ನ ಹತ್ತಿರ ಇತ್ತಲ್ಲ ಅಕ್ಕಾ," ಎಂದ ಅವನು.

ಚೀಟಿ ಇದೆ, ಡಬ್ಬಿ ಇದೆ, ಬರೆದು ಕೈತೊಳೆದುಕೊಳ್ಳಿ ಎಂದು ಗುಮಾಸ್ತರು ಸಲಹೆ ಕೊಟ್ಟರು. ಅಕ್ಕ ಪುಸ್ತಕದಲ್ಲಿ ಮಾವನ ಸಾಲನ್ನು ಖಾಲಿ ಬಿಟ್ಟರು. ಮಾರನೇ ದಿನ ಬೆಳಗ್ಗೆ ಐದಕ್ಕೆ, ಕಾಗದದಲ್ಲಿ ಸುತ್ತಿದ ಖಾಲಿ ಡಬ್ಬಿಯೊಂದಿಗೆ ಬಸ್ ಡಿಪೋದಲ್ಲಿ ಹಾಜರಾದರು. ಇದು ಅವರ ಕೆಲಸವಲ್ಲ. ಯಾರೂ ಹೇಳಿರಲೂ ಇಲ್ಲ.

ಮಾವ ಮೊದಲ ಬಸ್ಸಿನ ಗಾಜು ಒರೆಸುತ್ತಿದ್ದ. "ಏನಕ್ಕಾ ಇಷ್ಟು ಬೇಗ? ಬಸ್ಸಿಗಾ?"

"ಬಸ್ಸಿಗಲ್ಲಪ್ಪ. ಡ್ರೈವರಿಗೆ." ಪೊಟ್ಟಣವನ್ನು ಬಾನೆಟ್ಟಿನ ಮೇಲಿಟ್ಟರು.

"ನಂದು ಕೊಟ್ಟಾಯ್ತಲ್ಲ!"

"ನಿನ್ನ ಭಾವ ಎರಡು ಡಬ್ಬಿ ಕೊಟ್ಟಿದಾರೆ. ನೀನು ಇನ್ನೂ ಶುರು ಮಾಡಿಲ್ಲ."

ಅವನು ಸುತ್ತ ನೋಡಿ ಬಗ್ಗಿದ. "ಮೆಲ್ಲಗೆ ಅಕ್ಕಾ. ಕಂಡಕ್ಟರ್ ಕಿವಿಗೆ ಬಿದ್ರೆ ಸಾಯಂಕಾಲದೊಳಗೆ ಇಪ್ಪತ್ತೆರಡು ಸ್ಟಾಪಿಗೂ ಗೊತ್ತಾಗುತ್ತೆ."

"ಅದಕ್ಕೇ ಪೇಪರಲ್ಲಿ ಸುತ್ತಿದೀನಿ. ಊಟದ ಡಬ್ಬಿ ಅನ್ಕೋತಾರೆ."

"ಅದೇ ನನಗೂ ಭಯ. ಅವನು ಯಾರ ಊಟದ ಡಬ್ಬಿ ಕಂಡ್ರೂ ತೆಗೆದು ನೋಡ್ತಾನೆ."

ಅಕ್ಕ ನಗಲಿಲ್ಲ. ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸಿದ. "ನನಗೇನಾಗಿದೆ ಹೇಳಿ? ಕಲ್ಲು ತಿಂದು ಕರಗಿಸೋ ಹೊಟ್ಟೆ ಇದು. ಹದಿನೆಂಟು ವರ್ಷದಲ್ಲಿ ಒಂದು ದಿನ ಹೊಟ್ಟೆನೋವು ಅಂತ ರಜಾ ಹಾಕಿಲ್ಲ."

"ಅದಕ್ಕೇ ಬಂದಿದೀನಿ. ಕೆಲವರ ಹೊಟ್ಟೇಲಿ ಅದು ಸದ್ದಿಲ್ಲದೆ ಸಂಸಾರ ಮಾಡ್ಕೊಂಡಿರುತ್ತೆ. ಅದೇ ಮಗು ಹೊಟ್ಟೆಗೆ ಹೋದ್ರೆ ಮಗೂನ ತಿನ್ನುತ್ತೆ. ಹುಡುಗಿ ಹದಿನೈದೂವರೆ ಕೆಜಿ ಇದಾಳೆ. ಔಷಧಿ ಇರೋದು ಒಂದೇ ಸಲಕ್ಕೆ. ನಿನಗೆ ನಾಚಿಕೆ ಇದ್ರೆ ಇರಲಿ, ಅದನ್ನೂ ಡಬ್ಬಿ ಜೊತೆ ತಂದುಕೊಡು, ನಾನು ಇಟ್ಕೋತೀನಿ."

ಮೊದಲ ಬಸ್ಸು ಆ ದಿನ ನಾಲ್ಕು ನಿಮಿಷ ತಡವಾಗಿ ಹೊರಟಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮಾರನೇ ಬೆಳಗ್ಗೆ ಅವನು ಕಿಂಡಿಗೆ ಬಂದ. ಯಾರಿಗೂ ಗುರುತು ಸಿಗಬಾರದೆಂದು ಮುಖಕ್ಕೆ ಮಫ್ಲರು, ಕಣ್ಣಿಗೆ ಕಪ್ಪು ಕನ್ನಡಕ, ತಲೆಗೆ ಟೋಪಿ. ಇಡೀ ಸಾಲು ಅವನನ್ನೇ ನೋಡಿತು. ಹಿಂದಿದ್ದ ಮುದುಕಿಯೊಬ್ಬಳು, "ನೀನು ನಮ್ಮ ಬಸ್ ಡ್ರೈವರ್ ಅಲ್ವೇನೋ?" ಎಂದು ಗಟ್ಟಿಯಾಗಿಯೇ ಕೇಳಿದಳು. ಆದರೂ ಅವನು ಹಿಂದೆ ಸರಿಯಲಿಲ್ಲ. ದಿನ ಬಿಟ್ಟು ದಿನ ಮನೆಯವರೆಲ್ಲರಿಂದ ಮೂರು ಮೂರು ಡಬ್ಬಿ ಬಂದವು, ಉಳಿದವರದೆಲ್ಲ ಶುದ್ಧ. ಅವನ ಮೊದಲ ಡಬ್ಬಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದಕ್ಕೆ ಬಣ್ಣ ಹಾಕಿ ನೋಡಿದರೆ ಮೊಟ್ಟೆಯಾಕಾರದ ಚಿಪ್ಪಿನೊಳಗೆ ಸುತ್ತಿಕೊಂಡು ಮಲಗಿದ್ದವು, ಒಂದೆರಡಲ್ಲ, ನೋಡಿದಲ್ಲೆಲ್ಲ.

ಹೇಳಿದಾಗ ಅವನು ಕನ್ನಡಕ ತೆಗೆದ. ಡ್ಯೂಟಿ ಮುಗಿಸಿ ಬಂದ ಮೇಲೆ ದಿನಾ ಸಂಜೆ ಅಂಗೈಯಲ್ಲೇ ಸೇಬು ಹೆಚ್ಚಿ, ಹೋಳು ಹೋಳಾಗಿ ಹುಡುಗಿಯ ಬಾಯಿಗಿಡುತ್ತಿದ್ದವನು ಅವನೇ. ಮೈ ಹತ್ತಲಿ ಎಂದು. "ಹಂಗಾದ್ರೆ ನಾನೇ ಕೊಟ್ಟಿದ್ದಾ ಅಕ್ಕಾ?"

ಇಪ್ಪತ್ತಮೂರು ವರ್ಷದಲ್ಲಿ ಎಷ್ಟೋ ಫಲಿತಾಂಶ ಬರೆದಿದ್ದೇನೆ, ಈ ಪ್ರಶ್ನೆಗೆ ಮಾತ್ರ ಪುಸ್ತಕದಲ್ಲಿ ಸಾಲಿಲ್ಲ ಎನ್ನುತ್ತಾರೆ ಅಕ್ಕ. ಅವನಿಗೆ ಹೇಳಿದ್ದು ಇಷ್ಟು: "ಯಾರಿಂದ ಯಾರಿಗೆ ಅಂತ ಗಾಜಿನ ಮೇಲೆ ಬರೆದಿರಲ್ಲ. ಅವಳಿಂದಲೇ ನಿನಗೆ ಬಂದಿರಬಹುದು. ಮಾತ್ರೆ ನುಂಗು. ಕೈ ಸೋಪು ಹಾಕಿ ತೊಳಿ. ನೀರು ಕಾಯಿಸಿ ಕುಡೀರಿ. ಸೇಬು ಹೆಚ್ಚೋದು ಮಾತ್ರ ಬಿಡಬೇಡ."

ಮಾವ, ಹುಡುಗಿ ಒಂದೇ ದಿನ ಔಷಧಿ ಶುರು ಮಾಡಿದರು. ಮಾತ್ರೆಯನ್ನೇ ಕಾಣದ ಗಂಟಲು ಮೊದಲ ದಿನ ಒಂದು ಮಾತ್ರೆಗೆ ಎರಡು ಚೊಂಬು ನೀರು ಕುಡಿಯಿತಂತೆ. ಹುಡುಗಿ ಗುಟುಕು ನೀರಲ್ಲಿ ನುಂಗಿ, "ಮಾವಾ, ನಾಲಿಗೆ ಎತ್ತು, ನೋಡ್ತೀನಿ" ಎಂದು ಅಮ್ಮನ ಹಾಗೆಯೇ ತಪಾಸಣೆ ಮಾಡಿದಳು. ನಾಲ್ಕನೇ ದಿನಕ್ಕೆ ಇಬ್ಬರಿಗೂ ಹಳದಿ ಬಣ್ಣ ಬಂತು. ಕಾಮಾಲೆಯೇ ಎಂದು ಪ್ರಯಾಣಿಕರು ಕೇಳಿದರೆ ಮಾವ, "ಬಸ್ಸಿಗೆ ಬಣ್ಣ ಹೊಡೀತಿದ್ರು, ನಾನೂ ಪಕ್ಕದಲ್ಲಿ ನಿಂತ್ಕೊಂಡೆ" ಎನ್ನುತ್ತಿದ್ದ.

ಔಷಧಿ ಮುಗಿದ ಹತ್ತನೇ ದಿನ ಹುಡುಗಿಗೆ ಮತ್ತೆ ಹೊಟ್ಟೆ ಕೆಟ್ಟಿತು. ಅಮ್ಮ ಮಗಳನ್ನು ಎತ್ತಿಕೊಂಡೇ ಓಡಿ ಬಂದಳು. ಹಿಂದಿನ ಮೂರು ಸಲವೂ ಬಂದಿದ್ದು ಇದೇ ಹತ್ತನೇ ದಿನ. ಡಬ್ಬಿಯನ್ನು ಕಿಂಡಿಯೊಳಗೆ ತಳ್ಳಿದಳು. ಅಕ್ಕ ಬಿಸಿ ಡಬ್ಬಿಯಿಂದ ಎರಡಲ್ಲ, ಆರು ಗಾಜು ಮಾಡಿ ಹುಡುಕಿದರು. ಮಾರನೇ ದಿನ ಇನ್ನಾರು, ಅದರ ಮಾರನೇ ದಿನ ಇನ್ನಾರು. ಹುಳ ಇಲ್ಲ. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಏನೇನು ತಿನ್ನಿಸಿದೆ ಎಂದು ಒಂದೊಂದಾಗಿ ಕೇಳಿದರು. ಮಗಳು ಗುಣವಾದಳೆಂಬ ಖುಷಿಗೆ ಆಕೆ ದಿನಕ್ಕೆ ಮೂರು ಲೋಟ ಹಾಲು ಕುಡಿಸುತ್ತಿದ್ದಳು. ತಿಂಗಳುಗಟ್ಟಲೆ ಹುಳ ಕೆರೆದ ಕರುಳು ಹಾಲನ್ನು ಇನ್ನೂ ತಾಳುತ್ತಿರಲಿಲ್ಲ. ಡಾಕ್ಟರು ಹಾಲು ನಿಲ್ಲಿಸಿದರು. ಭೇದಿ ನಿಂತಿತು. ಆ ಹದಿನೆಂಟು ಗಾಜಿನ ನೆನಪಾದರೆ ಅಕ್ಕನ ಕತ್ತು ಈಗಲೂ ಬಲಕ್ಕೂ ತಿರುಗುವುದಿಲ್ಲ.

ಆರೂವರೆ. ಕಿಂಡಿಯಲ್ಲಿ ಮೊದಲು ಡ್ರೈವರಿನ ಖಾಕಿ ತೋಳು, ಅದರ ಕೆಳಗೆ ಎರಡು ಜಡೆ. ಮಫ್ಲರಿಲ್ಲ, ಕಪ್ಪು ಕನ್ನಡಕವಿಲ್ಲ. "ಎರಡು ಡಬ್ಬಿ ಅಕ್ಕಾ. ಒಂದು ಇವಳದು, ಒಂದು ನಂದು. ಅವರವರದು ಅವರವರದೇ," ಎನ್ನುತ್ತಾನೆ ಮಾವ. ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಹುಡುಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಹತ್ತೊಂಬತ್ತು ಕೆಜಿ.

ಅಕ್ಕ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಮಾವ ಗೋಡೆಗೊರಗಿ ನಿಂತು ಸ್ಟೇರಿಂಗ್ ಹಿಡಿದವನ ಹಾಗೆ ತನ್ನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಒಳಗೆ ಮೊದಲ ಗಾಜು, ಎರಡನೇ ಗಾಜು. ಮಾವನದು ಎರಡು. ಮತ್ತೆ ಹುಡುಗಿಯದು, ಮೂರು, ನಾಲ್ಕು, ಐದು. ಮುಕ್ಕಾಲು ಗಂಟೆ ಕಳೆಯುತ್ತದೆ. ಸಾಲು ಗೊಣಗುತ್ತದೆ. ಅಕ್ಕ ಆರನೇ ಗಾಜನ್ನೂ ಮೂಲೆಯಿಂದ ಮೂಲೆಗೆ ನೋಡಿ ಮುಗಿಸಿ, ಪುಸ್ತಕದಲ್ಲಿ ಎರಡು ಸಾಲು ಬರೆದು, ಬಾಗಿಲು ತೆಗೆದು ಹುಡುಗಿಯನ್ನು ಒಳಗೆ ಕರೆಯುತ್ತಾರೆ. ತಮ್ಮ ಸ್ಟೂಲಿನ ಮೇಲೆ ಹತ್ತಿಸಿ, ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಸರಿಯಾಗಿ ಇಡಿಸುತ್ತಾರೆ.

ಹುಡುಗಿ ತುಂಬಾ ಹೊತ್ತು ನೋಡುತ್ತಾಳೆ. ಎಡಗಣ್ಣಲ್ಲಿ, ಬಲಗಣ್ಣಲ್ಲಿ. ಆಮೇಲೆ ಮುಖ ಸಿಂಡರಿಸುತ್ತಾಳೆ.

"ಏನೂ ಇಲ್ಲ ಅಕ್ಕಾ. ಬರೀ ಕಸ!"

"ಹೂಂ ಕಣಮ್ಮ," ಎನ್ನುತ್ತಾರೆ ಡಬ್ಬಿ ಅಕ್ಕ. "ಬರೀ ಕಸ ಅನ್ನಿಸೋಕೆ ಹನ್ನೊಂದು ತಿಂಗಳು ಬೇಕಾಯ್ತು ನಮಗೆ."